ಉಪ್ಪಿನ ಡಬ್ಬಿಯ ಮುಚ್ಚಳ

ಉಪ್ಪು ಕೆಡುವುದಿಲ್ಲ. ಈ ಒಂದು ಮಾತನ್ನು ನಂಬಿಕೊಂಡು ಡಬ್ಬಿಯಪ್ಪ ಹೆಂಡತಿ ತೀರಿಕೊಂಡ ಮೇಲಿನ ದಿನಗಳನ್ನೆಲ್ಲ ತಳ್ಳಿಕೊಂಡು ಬಂದಿದ್ದ. ಹೀಗಿರುವಾಗ ಒಂದು ಬೆಳಿಗ್ಗೆ ಅಡುಗೆಮನೆಯ ಗೂಡಿನಲ್ಲಿದ್ದ ಉಪ್ಪಿನ ಡಬ್ಬಿಯ ಮುಚ್ಚಳ ಎತ್ತಿದರೆ, ಅದು ಎಂದಿನಂತೆ "ಚೆನ್ನಾಗಿದೆ, ಊಟ ಮಾಡಿ" ಎನ್ನಲಿಲ್ಲ. ಸ್ವಲ್ಪ ತಡೆದು, ಉಸಿರೆಳೆದುಕೊಂಡಂತೆ ಮಾಡಿ, "ಕೆಡೋಕೆ ಶುರುವಾಗಿದೆ, ಇವತ್ತೇ ಮುಗಿಸಿ" ಎಂದಿತು.

ಡಬ್ಬಿಯಪ್ಪನ ಎದೆ ಧಸಕ್ಕೆಂದಿತು. ಮುಚ್ಚಳ ಮಾತಾಡಿತೆಂದಲ್ಲ; ಅದು ದಿನವೂ ಮಾತಾಡುತ್ತಿತ್ತು. ದನಿ ಸತ್ತ ಹೆಂಡತಿಯದೆಂದೂ ಅಲ್ಲ. ಅದೂ ಅವನಿಗೆ ಗೊತ್ತಿದ್ದದ್ದೇ. ಆದರೆ ಉಪ್ಪು ಕೆಡುವುದಿಲ್ಲವಲ್ಲ.

ಡಬ್ಬಿಯಪ್ಪ ಎಂಬುದು ಅಕ್ಕಪಕ್ಕದವರು ಇಟ್ಟ ಹೆಸರು. ಆಹಾರದ ಡಬ್ಬಿ ಪೊಟ್ಟಣಗಳ ಮೇಲೆ ಸಂಶೋಧನೆ ನಡೆಸುವ ಕೇಂದ್ರವೊಂದರಲ್ಲಿ ಅವನು ಕೊಳೆಸುವ ಕೋಣೆಯ ಉಸ್ತುವಾರಿ. ಬೇರೆಯವರು ಆಹಾರ ಕೆಡದಂತೆ ಕಾದು ಸಂಬಳ ತೆಗೆದುಕೊಂಡರೆ, ಇವನು ಅದು ಕೆಡುವವರೆಗೆ ಕಾದು ಸಂಬಳ ತೆಗೆದುಕೊಳ್ಳುತ್ತಿದ್ದ. ಹಾಲು, ಮಾಂಸ, ಮೀನು, ಹೆಚ್ಚಿದ ಹಣ್ಣು, ಎಲ್ಲವನ್ನೂ ಬಗೆಬಗೆಯ ಜಾಣ ಡಬ್ಬಿಗಳಲ್ಲಿ ತುಂಬಿಟ್ಟು, ಯಾವುದು ಹಳಸಿದಾಗ ಯಾವ ಪಟ್ಟಿ ಬಣ್ಣ ಬದಲಿಸಿತು ಎಂದು ನೋಡುವುದು ಅವನ ಕೆಲಸ. ಇಷ್ಟು ಕಾಲ ಆ ಕೋಣೆಯ ಗಾಳಿ ಕುಡಿದು ನಾಲಿಗೆ ಕಿತ್ತ ಗಂಟೆಯಂತಾಗಿತ್ತು ಅವನ ಮೂಗು. ಇದ್ದ ಜಾಗದಲ್ಲೇ ಇತ್ತು, ಏನನ್ನೂ ಹೇಳುತ್ತಿರಲಿಲ್ಲ.

ಮನೆಯಲ್ಲಿ ಮೂಗಿದ್ದದ್ದು ಹೆಂಡತಿಗೆ. ಹಾಲು ಒಡೆಯುವುದು ಅವಳಿಗೆ ಹಾಲಿಗಿಂತ ಮೊದಲೇ ತಿಳಿಯುತ್ತಿತ್ತು. ಕೇಂದ್ರದ ವಿಜ್ಞಾನಿ ಮೇಡಂ ಮಾತಾಡುವ ಮುಚ್ಚಳ ಮಾಡಲು ಹೊರಟು, ಅದಕ್ಕೆ ಪಾಠ ಹೇಳಿಕೊಡಲು ಒಳ್ಳೆಯ ಮೂಗೊಂದನ್ನು ಹುಡುಕುತ್ತಿದ್ದಾಗ ಡಬ್ಬಿಯಪ್ಪ ಅಭಿಮಾನದಿಂದ ಹೆಂಡತಿಯನ್ನು ಕರೆದುಕೊಂಡು ಹೋದ. ಅವಳು ಬಿಳಿ ಕೋಣೆಯಲ್ಲಿ ಕುಳಿತು ದಿನಗಟ್ಟಲೆ ಡಬ್ಬಿ ಮೂಸಿದಳು. ಅವಳು ಒಳ್ಳೆಯದೆಂದದ್ದನ್ನು ಮುಚ್ಚಳದೊಳಗಿನ ತೆಳ್ಳನೆಯ ಪೊರೆ ಒಳ್ಳೆಯದೆಂದು ಕಲಿಯಿತು, ಕೆಟ್ಟದ್ದೆಂದದ್ದನ್ನು ಕೆಟ್ಟದ್ದೆಂದು ಕಲಿಯಿತು. ಕಡೆಗೆ ಮೇಡಂ, "ನಿಮ್ಮ ದನೀನೇ ಇರಲಿ ಬಿಡಿ, ಮನೇಲಿ ಹೇಗೆ ಹೇಳ್ತೀರೋ ಹಾಗೇ ಹೇಳಿ" ಎಂದರು. ಅವಳು ಮೂರು ಮಾತು ಹೇಳಿ ಬಂದಳು. ಒಳ್ಳೆಯದಿದ್ದರೆ "ಚೆನ್ನಾಗಿದೆ, ಊಟ ಮಾಡಿ." ಹಳಸತೊಡಗಿದರೆ "ಕೆಡೋಕೆ ಶುರುವಾಗಿದೆ, ಇವತ್ತೇ ಮುಗಿಸಿ." ಪೂರಾ ಹಾಳಾಗಿದ್ದರೆ "ಬೇಡ, ಬಿಟ್ಟುಬಿಡಿ." ಮೂರನೆಯ ಮಾತು ಆಡಿದ ಮುಚ್ಚಳ ಮತ್ತೆಂದೂ ಬಾಯಿ ಬಿಡುವುದಿಲ್ಲ. ಕೆಟ್ಟದ್ದನ್ನು ಮುಚ್ಚಿದ ಮುಚ್ಚಳವನ್ನು ಯಾರೂ ಒಳ್ಳೆಯದರ ಮೇಲೆ ಹಾಕಬಾರದೆಂದು ಮೇಡಂ ಹಾಗೆ ಮಾಡಿದ್ದರು.

ಅವಳು ತೀರಿಕೊಂಡ ಹೊತ್ತಿಗೆ ಮಾತಾಡುವ ಮುಚ್ಚಳವೂ ಹಳೆಯದಾಯಿತು. ಈಗ ಎಲ್ಲರ ಕಣ್ಣು ಬಣ್ಣ ಬದಲಿಸುವ ಪಟ್ಟಿಗಳ ಮೇಲೆ, ಫೋನಿಗೆ ಸುದ್ದಿ ಕಳಿಸುವ ಚೀಲಗಳ ಮೇಲೆ, ಒಳಗಿನ ತಿಂಡಿಯ ಜೊತೆ ತಿಂದೇಬಿಡಬಹುದಾದ ಹೊದಿಕೆಗಳ ಮೇಲೆ. ಹಳೆಯ ಮುಚ್ಚಳಗಳಲ್ಲಿ ಒಂದನ್ನು ಡಬ್ಬಿಯಪ್ಪ ಕೇಳಿಕೊಂಡು ಮನೆಗೆ ತಂದ. ಹಾಲಿನ ಮೇಲೆ ಹಾಕಿದರೆ ಹಾಲು ಒಂದಲ್ಲ ಒಂದು ದಿನ ಒಡೆದೀತು, ಹಣ್ಣಿನ ಮೇಲೆ ಹಾಕಿದರೆ ಹಣ್ಣು ಕೊಳೆತೀತು, ಆಗ ಅವಳು ಮೂರನೆಯ ಮಾತು ಆಡಿ ಮೌನವಾದಾಳು. ತುಂಬ ಯೋಚಿಸಿ ಅವನು ಮುಚ್ಚಳವನ್ನು ಉಪ್ಪಿನ ಮೇಲೆ ಹಾಕಿದ. ದಿನವೂ ಬೆಳಿಗ್ಗೆ ಎತ್ತುತ್ತಿದ್ದ. ದಿನವೂ ಅವಳು ಚೆನ್ನಾಗಿದೆ, ಊಟ ಮಾಡಿ ಎನ್ನುತ್ತಿದ್ದಳು. ದೇವರ ದಯೆ ಎಂದು ಕೈಮುಗಿದು ಅವನು ಕೆಲಸಕ್ಕೆ ಹೋಗುತ್ತಿದ್ದ.

ಈಗ ಅವನು ಮುಚ್ಚಳವನ್ನು ತೊಳೆದಿಟ್ಟ ಖಾಲಿ ಡಬ್ಬಿಯ ಮೇಲೆ ಹಾಕಿ ಎತ್ತಿದ. "ಕೆಡೋಕೆ ಶುರುವಾಗಿದೆ." ಕಿಟಕಿ ತೆಗೆದು, ಬರಿಯ ಮೇಜಿನ ಮೇಲೆ ಕವುಚಿ ಎತ್ತಿದ. "ಇವತ್ತೇ ಮುಗಿಸಿ." ಕಡೆಗೆ ತನ್ನ ಅಂಗೈ ಮೇಲೆ ಕವುಚಿದ. ಮುಚ್ಚಳ ಈ ಸಲ ಎಂದಿಗಿಂತ ಹೆಚ್ಚು ಹೊತ್ತು ತಡೆಯಿತು. ಮಗ್ಗುಲಲ್ಲಿ ನಿಂತು ಯಾರೋ ಅವನನ್ನು ಮೂಸುತ್ತಿರುವಂತಿತ್ತು.

"ಕೆಡೋಕೆ ಶುರುವಾಗಿದೆ," ಎಂದಳು ಹೆಂಡತಿ, "ಇವತ್ತೇ ಮುಗಿಸಿ."

ಡಬ್ಬಿಯಪ್ಪನಿಗೆ ಆಸ್ಪತ್ರೆಯ ಮಂಚ ನೆನಪಾಯಿತು. ಅಲ್ಲಿ ಅವಳ ಕೈ ಹಿಡಿದು ಅವನೊಂದು ಮಾತು ಕೊಟ್ಟಿದ್ದ. "ನೀನು ಮುಂದೆ ನಡಿ, ನಾನು ಹಿಂದೇನೇ ಬಂದೆ." ಅವಳು ಆ ನೋವಿನಲ್ಲೂ ನಕ್ಕಿದ್ದಳು. "ನಿಮ್ಮ ಬಂದೆ ನನಗೆ ಗೊತ್ತಿಲ್ವೇ?"

ಗೊತ್ತಿರದೆ ಏನು. ಮದುವೆಯಾದಂದಿನಿಂದ ಅದೇ ಕತೆ. ಅವಳು ಊಟಕ್ಕೆ ಕರೆಯುತ್ತಿದ್ದಳು. ಅವನು ಕುರ್ಚಿಯಲ್ಲಿ ಕುಳಿತಲ್ಲಿಂದಲೇ "ಬಂದೆ ಕಣೇ" ಎನ್ನುತ್ತಿದ್ದ, ಏಳುತ್ತಿರಲಿಲ್ಲ. ಇನ್ನೊಮ್ಮೆ ಕರೆಯುತ್ತಿದ್ದಳು. ಇನ್ನೊಮ್ಮೆ ಬಂದೆ. ಕಡೆಗೆ ತಟ್ಟೆಯ ಮೇಲೆ ತಟ್ಟೆ ಮುಚ್ಚಿ, "ಬೇಡ, ಬಿಟ್ಟುಬಿಡಿ" ಎಂದು ಒಳಗೆ ಹೋಗುತ್ತಿದ್ದಳು. ಆಮೇಲೆ ಆ ದಿನ ಅವಳ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ.

ಹಾಗಾದರೆ ಈಗ ಕರೆಯುತ್ತಿರುವುದು ಅದಕ್ಕೇ ಇರಬೇಕು. ಕೊಟ್ಟ ಮಾತನ್ನು ಇವತ್ತೇ ಮುಗಿಸಬೇಕಂತೆ. ಡಬ್ಬಿಯಪ್ಪ ಗೋಡೆಗೆ ಕೈ ಊರಿ ನಿಂತ. ಅವನಿಗೆ ಭಯವಾಯಿತು, ಭಯವಾಯಿತಲ್ಲ ಎಂದು ನಾಚಿಕೆಯೂ ಆಯಿತು. ಇಷ್ಟು ದಿನ ದೇವರ ಮುಂದೆ ನಿಂತು, ನನ್ನನ್ನೂ ಕರೆದುಕೋ ತಂದೆ ಎಂದು ಬೇಡಿಕೊಂಡವನು ಈಗ ದೇವರ ಕಡೆ ತಿರುಗಿಯೂ ನೋಡಲಿಲ್ಲ.

ಬಾಗಿಲು ತೆರೆದೇ ಇತ್ತು. ಕೆಳಗಿನ ಮನೆಯ ನಿವೃತ್ತ ಕಾಂಪೌಂಡರು ಎಂದಿನಂತೆ ಪೇಪರ್ ಓದಲು ಬಂದು, ಡಬ್ಬಿಯಪ್ಪನ ಕುರ್ಚಿಯಲ್ಲಿ ಕೂರಲು ಬಗ್ಗಿದವರು ಅರ್ಧಕ್ಕೇ ನಿಂತಿದ್ದರು.

"ಈಗ ಮಾತಾಡಿದ್ದು ಯಾರು?" ಎಂದರು ಮೆಲ್ಲಗೆ.

"ನಮ್ಮವಳು."

ಕಾಂಪೌಂಡರು ಕೂರಲಿಲ್ಲ. ಅವರು ಮೆಟ್ಟಿಲ ಕಡೆ ಸರಿದು, ಎದುರು ಮನೆಯ ಬಾಗಿಲು ಬಡಿದು ಟೈಲರಮ್ಮನನ್ನು ಕರೆದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಕೊರಳಿಗೆ ಅಳತೆಯ ಪಟ್ಟಿ ಹಾಕಿಕೊಂಡು ಅವಳು ಬಂದಳು. ಹೆಂಡತಿ ಹೋದ ಮೇಲೆ ಡಬ್ಬಿಯಪ್ಪನಿಗೆ ದಿನವೂ ಊಟದ ಜೊತೆ ಒಂದು ತುಂಡು ಹುರಿದ ಮೀನು ತಂದುಕೊಡುತ್ತಿದ್ದವಳು ಅವಳೇ.

ಡಬ್ಬಿಯಪ್ಪ ಎಲ್ಲವನ್ನೂ ಹೇಳಿದ. ಟೈಲರಮ್ಮ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು.

"ಅಕ್ಕ ಏನಾದ್ರೂ ಹೇಳಿದ್ರೆ ಸುಮ್ನೆ ಹೇಳೋರಲ್ಲ ಅಣ್ಣ," ಎಂದಳು.

"ಹಾಗೆಲ್ಲ ಹೆದರಿಸಬೇಡ," ಎಂದರು ಕಾಂಪೌಂಡರು. "ಪರೀಕ್ಷೆ ಮಾಡಿದ್ರೆ ತಾನೇ ಗೊತ್ತಾಗೋದು. ಆ ಮುಚ್ಚಳ ಇತ್ತ ಕೊಡಿ. ನೀವು ಅಲ್ಲೇ ಒಳಗೆ ನಿಂತಿರಿ."

ಅವರು ಮುಚ್ಚಳವನ್ನು ಹಾವಿನ ಮರಿಯಂತೆ ಎರಡೇ ಬೆರಳಲ್ಲಿ ಹಿಡಿದು ಮೆಟ್ಟಿಲ ತುದಿಯ ಕಿಟಕಿಯ ಹತ್ತಿರ ಹೋದರು. ಟೈಲರಮ್ಮನ ಅಂಗೈ ಮೇಲೆ ಕವುಚಿ ಎತ್ತಿದರು. "ಚೆನ್ನಾಗಿದೆ, ಊಟ ಮಾಡಿ," ಎಂದಿತು ಮುಚ್ಚಳ. ಟೈಲರಮ್ಮ ಕಣ್ಣೊರೆಸಿಕೊಂಡಳು. ಕಾಂಪೌಂಡರು ತಮ್ಮ ಅಂಗೈಯನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಮುಖ ಮಾಡಿ, ಕವುಚಿ ಎತ್ತಿದರು. "ಚೆನ್ನಾಗಿದೆ, ಊಟ ಮಾಡಿ."

"ನನಗೆ ಗೊತ್ತಿತ್ತು," ಎಂದರು ಅವರು. ಎದೆ ಒಂದು ಅಂಗುಲ ಉಬ್ಬಿತು. "ಈಗ ನೀವು ಬನ್ನಿ."

ಡಬ್ಬಿಯಪ್ಪ ಬಂದು ಅಂಗೈ ಚಾಚಿದ. ಮೂವರೂ ಉಸಿರು ಹಿಡಿದು ನಿಂತರು. ಮುಚ್ಚಳವೂ ಹಿಡಿಯಿತು. ಆಮೇಲೆ, ಯಾವ ಅವಸರವೂ ಇಲ್ಲದೆ, "ಕೆಡೋಕೆ ಶುರುವಾಗಿದೆ, ಇವತ್ತೇ ಮುಗಿಸಿ" ಎಂದಿತು.

ಕಾಂಪೌಂಡರು ಡಬ್ಬಿಯಪ್ಪನ ನಾಡಿ ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತರು.

"ನಾಡಿ ಏನೋ ಸರಿಯಾಗೇ ಇದೆ," ಎಂದರು. "ಆದ್ರೆ ಇಂಥ ವಿಷಯ ನಾಡಿಗೆ ಮೊದ್ಲು ಗೊತ್ತಾಗೋದಿಲ್ಲ."

ಡಬ್ಬಿಯಪ್ಪ ಮುಚ್ಚಳವನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಹೊರಟ. ಕೇಳಿದರೆ ಮೇಡಂ ಅವರನ್ನೇ ಕೇಳಬೇಕು ಎಂದುಕೊಂಡ. ಚಳಿಗಾಲವಾದ್ದರಿಂದ ಎದ್ದಾಗಿನಿಂದ ಅವನ ಮೈಮೇಲೆ ಹೆಂಡತಿ ಹೊಲಿದುಕೊಟ್ಟ ಉಣ್ಣೆಯ ಕೋಟು ಇತ್ತು. ಅದರ ಜೇಬು ಹರಿದು ಎಷ್ಟೋ ಕಾಲವಾಗಿತ್ತು. ಟೈಲರಮ್ಮ ಹೊಲಿದುಕೊಡುತ್ತೇನೆಂದರೂ ಇವನು ಕೊಟ್ಟಿರಲಿಲ್ಲ. ಹೆಂಡತಿಯ ಹೊಲಿಗೆಯ ಮೇಲೆ ಇನ್ನೊಬ್ಬರ ಹೊಲಿಗೆ ಬೀಳುವುದು ಅವನಿಗೆ ಬೇಕಿರಲಿಲ್ಲ. ಬಸ್ಸಿನಲ್ಲಿ ಅವನ ಪಕ್ಕದ ಜಾಗ ಎಂದಿನಂತೆ ಖಾಲಿಯಾಗಿಯೇ ಇತ್ತು. ಇಂದು ಅವನಿಗೆ, ಆ ಖಾಲಿ ಜಾಗದಲ್ಲಿ ಯಾರೋ ಕೂತಿದ್ದಾರೆಯೇ ಎಂಬ ಅನುಮಾನ ಬಂದು, ಸ್ವಲ್ಪ ಸರಿದು ಕುಳಿತ.

ಕೊಳೆಸುವ ಕೋಣೆಯಲ್ಲಿ ಹೊಸ ಪಟ್ಟಿಗಳ ಜೊತೆ ಹೋಲಿಸಿ ನೋಡಲು ಕೆಲವು ಮಾತಾಡುವ ಮುಚ್ಚಳಗಳನ್ನು ಇನ್ನೂ ಇಟ್ಟಿದ್ದರು. ಬೆಳಿಗ್ಗೆ ಅವನ್ನು ಒಂದೊಂದಾಗಿ ಎತ್ತಿ ನೋಡುವುದು ಡಬ್ಬಿಯಪ್ಪನ ಮೊದಲ ಕೆಲಸ. ನಿನ್ನೆ ಸಂಜೆಯಷ್ಟೇ ಹೆಚ್ಚಿಟ್ಟ ಸೇಬಿನ ಡಬ್ಬಿ ಎತ್ತಿದ. "ಕೆಡೋಕೆ ಶುರುವಾಗಿದೆ, ಇವತ್ತೇ ಮುಗಿಸಿ." ಆಗ ತಾನೇ ಬಂದ ಬಿಸಿ ಬ್ರೆಡ್ಡಿನ ಡಬ್ಬಿ ಎತ್ತಿದ. "ಇವತ್ತೇ ಮುಗಿಸಿ." ಅವನು ಹೆಜ್ಜೆ ಇಟ್ಟಲ್ಲೆಲ್ಲ, ಕಪಾಟಿನ ಈ ಸಾಲಿನಿಂದ, ಆ ಸಾಲಿನಿಂದ, ತಣ್ಣನೆಯ ಕೊಳವೆ ದೀಪದ ಕೆಳಗೆ, ಒಬ್ಬಳೇ ಹೆಂಡತಿ ಹಲವು ಬಾಯಿಂದ ಅವನನ್ನು ಕರೆಯುತ್ತಿದ್ದಳು. ಯಾವ ಬಾಯಲ್ಲೂ ಕೋಪವಿರಲಿಲ್ಲ. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. ಬದುಕಿದ್ದಾಗ ಎರಡನೆಯ ಸಲ ಕರೆಯುವಷ್ಟರಲ್ಲಿ ಅವಳಿಗೆ ಕೋಪ ಬಂದಿರುತ್ತಿತ್ತು.

ಅವನು ಹೊರಗೆ ಓಡಿಬಂದು ಮೇಡಂ ಕೋಣೆಯ ಬಾಗಿಲಲ್ಲಿ ನಿಂತ. ಮೇಡಂ ಆ ದಿನ ದೊಡ್ಡವರ ಸಭೆಯೊಂದರಲ್ಲಿ, ಆಹಾರದ ಪೊಟ್ಟಣಗಳು ಮುಂದೆ ಎತ್ತ ಸಾಗುತ್ತವೆ ಎಂಬ ಬಗ್ಗೆ ಭಾಷಣ ಮಾಡಬೇಕಿತ್ತು. ಮೂಗು ಬಾಯಿಗೆ ಮುಸುಕು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದರು.

"ಮೇಡಂ, ಉಪ್ಪು ಕೆಡುತ್ತಾ?"

"ಇಲ್ಲ," ಎಂದರು ಮೇಡಂ, ತಿರುಗದೆಯೇ.

"ಮುಚ್ಚಳ ತಪ್ಪು ಹೇಳುತ್ತಾ?"

"ಅದಕ್ಕೆ ಪಾಠ ಹೇಳಿದ್ದು ನಿಮ್ಮ ಮನೆಯವರ ಮೂಗು. ಆ ಮೂಗು ತಪ್ಪಿದ್ದು ನಾನು ನೋಡಿಲ್ಲ."

ಡಬ್ಬಿಯಪ್ಪ ಒಂದು ಹೆಜ್ಜೆ ಒಳಗಿಟ್ಟ. "ಅದು... ಮನುಷ್ಯರನ್ನೂ ಮೂಸುತ್ತಾ ಮೇಡಂ?"

ಈಗ ಮೇಡಂ ತಿರುಗಿದರು. ಅವರ ಕಣ್ಣುಗಳು ಹೊಳೆಯುತ್ತಿದ್ದವು. "ನನ್ನ ಭಾಷಣದ ಕೊನೇ ಭಾಗ ಅದೇ. ಇಲ್ಲಿವರೆಗೆ ಡಬ್ಬಿ ತನ್ನೊಳಗೆ ಏನಿದೆ ಅಂತ ನೋಡ್ತಿತ್ತು. ಇನ್ಮುಂದೆ ತನ್ನನ್ನ ತೆರೆಯೋರು ಯಾರು ಅಂತಾನೂ ನೋಡುತ್ತೆ. ನಿಮ್ಮ ಉಸಿರು, ಬೆವರು, ರಕ್ತದ ಸಕ್ಕರೆ ಎಲ್ಲಾ ಅದಕ್ಕೆ ಗೊತ್ತಾಗುತ್ತೆ. ಡಾಕ್ಟರಿಗಿಂತ ಮೊದ್ಲು ಡಬ್ಬಿ ಹೇಳುತ್ತೆ. ತಡೆಯಿರಿ, ನಿಮಗೆ ಹುಷಾರಿಲ್ವಾ? ಮುಖ ಸುಣ್ಣದ ಹಾಗಾಗಿದೆ."

"ಎಷ್ಟು ಮೊದ್ಲು ಹೇಳುತ್ತೆ ಮೇಡಂ?"

"ಮನೆಗೆ ಹೋಗಿ ಮಲಗಿ," ಎಂದರು ಮೇಡಂ.

ಮನೆಗೆ ಬರುವಷ್ಟರಲ್ಲಿ ಡಬ್ಬಿಯಪ್ಪ ಒಂದು ತೀರ್ಮಾನಕ್ಕೆ ಬಂದಿದ್ದ. ಹೋಗುವುದೇ ಆದರೆ ಕೈ ಬೀಸಿಕೊಂಡು ಹೋಗಬೇಕು; ಹಿಂದೆ ಉಳಿದವರು ತನ್ನ ಸಾಮಾನಿಗಾಗಿ ಜಗಳವಾಡಬಾರದು. ದೇವರಿಗೆ ಕೈಮುಗಿದು, ಮುಖ ತೊಳೆದು, ಬಾಗಿಲು ತೆರೆದಿಟ್ಟ. ಬಾಗಿಲ ಹೊರಗೆ ಕಾಂಪೌಂಡರೂ ಟೈಲರಮ್ಮನೂ ಆಗಲೇ ಬಂದು ನಿಂತಿದ್ದರು.

"ಈ ಕುರ್ಚಿ ನೀವು ತಗೊಳ್ಳಿ," ಎಂದ ಕಾಂಪೌಂಡರಿಗೆ. "ಹೇಗೂ ಕೂರೋದು ನೀವೇ."

"ಛೆ, ಇದೆಲ್ಲ ಯಾಕೆ," ಎನ್ನುತ್ತ ಕಾಂಪೌಂಡರು ಕುರ್ಚಿಯನ್ನು ತಲೆಕೆಳಗು ಮಾಡಿ ಕಾಲುಗಳು ಗಟ್ಟಿಯಿವೆಯೇ ಎಂದು ನೋಡಿದರು.

"ತಂಗಿ, ಆ ನಿಲುಗನ್ನಡಿ ನಿನಗೆ. ಬಟ್ಟೆ ಹಾಕಿ ನೋಡೋರಿಗೆ ಬೇಕಾಗುತ್ತೆ."

"ಬೇಡ ಅಣ್ಣ, ಇಂಥ ಮಾತೆಲ್ಲ ಆಡಬೇಡಿ," ಎಂದಳು ಟೈಲರಮ್ಮ. ಕಣ್ಣಲ್ಲಿ ನೀರಿತ್ತು. ಕೈ ಮಾತ್ರ ಕೊರಳಿನ ಪಟ್ಟಿ ತೆಗೆದು, ಕನ್ನಡಿ ತನ್ನ ಬಾಗಿಲಲ್ಲಿ ಹಿಡಿಸುವುದೇ ಎಂದು ಅಳೆಯುತ್ತಿತ್ತು.

ಮಂಚ, ಗಡಿಯಾರ, ಪಾತ್ರೆ, ಗಿಡದ ಕುಂಡ, ಎಲ್ಲ ಒಂದೊಂದಾಗಿ ಹೊರಬಿದ್ದವು. ಬೇಡ ಬೇಡ ಎನ್ನುವ ಮಾತು ನಿಲ್ಲಲಿಲ್ಲ, ಸಾಗಿಸುವ ಕೈಗಳೂ ನಿಲ್ಲಲಿಲ್ಲ. ಮನೆ ಬರಿದಾಗುತ್ತ ಬಂದಂತೆ ಆಡಿದ ಮಾತು ಗೋಡೆಗೆ ತಾಗಿ ಮರಳತೊಡಗಿತು. ಡಬ್ಬಿಯಪ್ಪ ಕೆಮ್ಮಿದರೆ ಒಳಕೋಣೆಯಲ್ಲೂ ಯಾರೋ ಕೆಮ್ಮಿದಂತಾಗುತ್ತಿತ್ತು. ಕಡೆಗೆ ಉಳಿದದ್ದು ಬಚ್ಚಲಿನ ಸೋಪು, ಒಂದು ಜೊತೆ ಒಗೆದ ಬಟ್ಟೆ, ಮೈಮೇಲಿನ ಕೋಟು, ಚೀಲದಲ್ಲಿದ್ದ ಮುಚ್ಚಳ, ಗೂಡಿನ ಉಪ್ಪು.

ಕಾಂಪೌಂಡರು ಬಾಗಿಲಲ್ಲಿ ನಿಂತು ಕೋಟಿನ ಕಡೆ ನೋಡಿದರು. ಆ ನೋಟ ಇಂದಿನದಲ್ಲ, ಹಲವು ಚಳಿಗಾಲಗಳದು.

"ಒಳ್ಳೇ ಉಣ್ಣೆ," ಎಂದರು.

"ಅವಳು ಹೊಲಿದದ್ದು," ಎಂದ ಡಬ್ಬಿಯಪ್ಪ. ಗುಂಡಿಗಳ ಮೇಲೆ ಅವನ ಕೈ ನಿಂತಿತು. ಆಮೇಲೆ, ಹೋಗುವ ಕಡೆ ಹೊಲಿದವಳೇ ಇರುವಾಗ ಕೋಟೇಕೆ ಎಂದು ಸಮಾಧಾನ ಮಾಡಿಕೊಂಡು ಬಿಚ್ಚಿಕೊಟ್ಟ. ಕಾಂಪೌಂಡರು ಅಲ್ಲೇ ತೊಟ್ಟು, ಹೇಗೆ ಕಾಣುತ್ತೇನೆಂದು ನೋಡಿಕೊಳ್ಳಲು ಕನ್ನಡಿಯನ್ನು ಹಿಂಬಾಲಿಸಿ ಟೈಲರಮ್ಮನ ಮನೆಗೆ ಹೋದರು.

ಒಬ್ಬನೇ ಉಳಿದ ಡಬ್ಬಿಯಪ್ಪ ಟವೆಲ್ ಬಿಚ್ಚಿದ. ಕೊನೆಯ ಸಲ ಅವಳನ್ನು ಕೇಳಿಬಿಡೋಣ ಎನಿಸಿತು. ಕಣ್ಣು ಮುಚ್ಚಿ, ಮುಚ್ಚಳವನ್ನು ಅಂಗೈ ಮೇಲೆ ಕವುಚಿ ಎತ್ತಿದ.

"ಚೆನ್ನಾಗಿದೆ, ಊಟ ಮಾಡಿ."

ಅವನು ಕಣ್ಣು ಬಿಟ್ಟ. ಇನ್ನೊಮ್ಮೆ ಎತ್ತಿದ. "ಚೆನ್ನಾಗಿದೆ, ಊಟ ಮಾಡಿ." ಇನ್ನೊಂದು ಕೈ. ಚೆನ್ನಾಗಿದೆ. ಮೊಣಕೈ. ಚೆನ್ನಾಗಿದೆ. ಡಬ್ಬಿಯಪ್ಪನ ಕಾಲ ಕೆಳಗೆ ನೆಲ ಮತ್ತೆ ಬಂದು ನಿಂತಿತು.

"ಕಾಂಪೌಂಡರೇ, ಇಲ್ಲಿ ಬನ್ನಿ. ನಾನು ಚೆನ್ನಾಗಿದ್ದೀನಂತೆ."

ಕಾಂಪೌಂಡರು ಕೋಟಿನಲ್ಲಿ ಮದುಮಗನ ಹಾಗೆ ನಡೆದು ಬಂದರು. ಕೊಟ್ಟ ಸಾಮಾನಿನ ಗತಿ ಏನು ಎಂಬ ಚಿಂತೆ ಅವರ ಮುಖದಲ್ಲಿ ಹಾದುಹೋಯಿತು. "ಯಂತ್ರ ಕೆಟ್ಟಿರಬೇಕು. ಕೊಡಿ ಇಲ್ಲಿ, ಮೊದ್ಲು ನನ್ನ ಮೇಲೆ ನೋಡೋಣ," ಎಂದು ಮುಚ್ಚಳ ಕಿತ್ತುಕೊಂಡು ತಮ್ಮ ಅಂಗೈಗೆ ಕವುಚಿ ಎತ್ತಿದರು.

ಮುಚ್ಚಳ ತಡೆಯಿತು.

"ಕೆಡೋಕೆ ಶುರುವಾಗಿದೆ, ಇವತ್ತೇ ಮುಗಿಸಿ."

ಕಾಂಪೌಂಡರ ಮುಖದಿಂದ ರಕ್ತ ಇಳಿದು ಎಲ್ಲಿ ಹೋಯಿತೋ ಕಾಣಲಿಲ್ಲ. ಕುಳಿತುಕೊಳ್ಳಲು ಹಿಂದೆ ಕೈ ಚಾಚಿದರು; ಕುರ್ಚಿ ಅವರ ಮನೆ ಸೇರಿತ್ತು. ಗೋಡೆಗೆ ಒರಗಿಕೊಂಡೇ ಜಾರಿ ನೆಲಕ್ಕೆ ಬಂದರು.

"ಡಬ್ಬಿಯಪ್ಪನವರೇ, ನಿಮ್ಮ ಹೆಂಡತಿ ನನ್ನನ್ನ ಯಾಕೆ ಕರೀಬೇಕು? ಹಿಂದೇನೇ ಬರ್ತೀನಿ ಅಂದೋರು ನೀವು. ನಾನು ಅವರಿಗೆ ಏನೂ ಮಾತು ಕೊಟ್ಟಿರಲಿಲ್ಲ. ಒಂದು ಲೋಟ ಕಾಫಿ ಕೊಡ್ತಿದ್ರು, ಕುಡೀತಿದ್ದೆ, ಅಷ್ಟೇ ನಮ್ಮ ವ್ಯವಹಾರ. ಸರಿಯಾಗಿ ವಿಳಾಸ ಹೇಳಿಕೊಡ್ರಿ ಅವರಿಗೆ."

"ಬೆವರ್ತಾ ಇದ್ದೀರಿ, ಮೊದ್ಲು ಕೋಟು ಬಿಚ್ಚಿ," ಎಂದಳು ಟೈಲರಮ್ಮ. ಬಿಚ್ಚಿದ ಕೋಟನ್ನು ಕೈಗೆ ತೆಗೆದುಕೊಂಡವಳು, ಟೈಲರ್ ಕೈಗೆ ಸುಮ್ಮನಿರುವುದು ಗೊತ್ತಿಲ್ಲವಾದ್ದರಿಂದ, ಅಂಚಿನಗುಂಟ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು. "ಇಲ್ಲೇನು ಇಷ್ಟು ದಪ್ಪ?"

ಡಬ್ಬಿಯಪ್ಪನಿಗೆ ಆಗ ಎಲ್ಲ ನೆನಪಾಯಿತು.

ಟೈಲರಮ್ಮ ಕತ್ತರಿ ತಂದು ಒಳಬಟ್ಟೆಯ ಹೊಲಿಗೆ ಬಿಚ್ಚಿದಳು. ಹರಿದ ಜೇಬಿನೊಳಗಿಂದ ಜಾರಿ ಬಂದು, ಅಂಚಿನಲ್ಲಿ ಚಪ್ಪಟೆಯಾಗಿ ಕುಳಿತಿದ್ದ ಒಂದು ಕಾಗದದ ಪೊಟ್ಟಣ ಈಚೆಗೆ ಬಂತು. ತೋಳಿನ ಅಳತೆ ಕತ್ತರಿಸುವ ಕಂದು ಕಾಗದ. ಮೇಲೆ ಟೈಲರಮ್ಮನದೇ ಪೆನ್ಸಿಲ್ ಗುರುತು. ಬಿಡಿಸಿದಳು. ಕಾಂಪೌಂಡರು ಕುಳಿತಲ್ಲಿಂದಲೇ ಕಿಟಕಿಯವರೆಗೆ ತೆವಳಿದರು. ಡಬ್ಬಿಯಪ್ಪನಿಗೆ ಮಾತ್ರ ಯಾವ ವಾಸನೆಯೂ ಬರಲಿಲ್ಲ.

"ಅಣ್ಣ," ಎಂದಳು ಟೈಲರಮ್ಮ. "ಇದು ನನ್ನ ಮೀನು."

"ತಂಗಿ..."

"ದಿನಾ ರುಚಿಯಾಗಿತ್ತು ಅಂತಿದ್ರಿ."

ನಿಜ ಹೇಳಬೇಕಾಯಿತು. ಮೀನಿನ ಮುಳ್ಳು ಬಿಡಿಸಿಕೊಡುತ್ತಿದ್ದವಳು ಹೆಂಡತಿ. ಅವಳು ಹೋದ ಮೇಲೆ ಅವನಿಗೆ ಮುಳ್ಳೆಂದರೆ ಭಯ. ಹೇಳಿದರೆ ಕೊಟ್ಟವಳಿಗೆ ನೋವು. ಮೆಟ್ಟಿಲ ಬಳಿಯ ಕಸದ ಬುಟ್ಟಿಗೆ ಹಾಕಿದರೆ ಅವಳ ಕಣ್ಣಿಗೇ ಬೀಳುತ್ತದೆ. ಆದ್ದರಿಂದ ದಿನವೂ ಅವಳು ಸುತ್ತಿ ತಂದ ಕಾಗದದಲ್ಲೇ ಮತ್ತೆ ಸುತ್ತಿ ಜೇಬಿನಲ್ಲಿ ಕೆಲಸಕ್ಕೆ ಒಯ್ಯುತ್ತಿದ್ದ; ಕೆಟ್ಟ ಮೀನಿಗೆ ಗೌರವವಿರುವ ಜಾಗ ಅದೊಂದೇ. ನಡುವೆ ಒಂದು ದಿನ ಜೇಬಿಗೆ ಕೈ ಹಾಕಿದಾಗ ಪೊಟ್ಟಣ ಸಿಕ್ಕಿರಲಿಲ್ಲ. ಆಗಲೇ ಎಸೆದೆನೆಂದುಕೊಂಡು ಮರೆತಿದ್ದ.

"ಆದ್ರೆ ನಿಮಗೆಲ್ಲ ಮೂಗಿದೆಯಲ್ಲ," ಎಂದ ದೀನನಾಗಿ. "ಒಬ್ಬರಾದ್ರೂ ಹೇಳಬಾರದಿತ್ತಾ?"

ಕಾಂಪೌಂಡರೂ ಟೈಲರಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿಮ್ಮ ವಾಸನೇನೇ ಹಾಗೆ ಅಂದುಕೊಂಡಿದ್ವಿ," ಎಂದರು ಕಾಂಪೌಂಡರು. "ಕೆಲಸ ಅಂಥದ್ದಲ್ವಾ. ಈಚೆಗೆ ಜಾಸ್ತಿ ಆಗಿತ್ತು, ನಿಜ. ಪಾಪ, ನೋಡಿಕೊಳ್ಳೋರಿಲ್ಲ ಅಂತ ಸುಮ್ನಿದ್ವಿ."

ಟೈಲರಮ್ಮ ಪೊಟ್ಟಣವನ್ನು ಮತ್ತೆ ಮಡಿಸಿ ಅವನ ಕೈಗಿಟ್ಟಳು. "ಮುಳ್ಳು ಬಿಡಿಸಿಕೊಡು ತಂಗಿ ಅಂತ ಒಂದು ಮಾತು ಹೇಳಿದ್ರೆ ನನ್ನ ಕೈ ಸವೀತಿತ್ತಾ?" ಎಂದಳು. ದನಿ ಏರಲಿಲ್ಲ. "ಇನ್ಮೇಲೆ ತರೋದಿಲ್ಲ ಬಿಡಿ. ನಿಮಗೂ ಹೊರೋ ಕಷ್ಟ ತಪ್ಪಿತು." ಅವಳು ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರ ಎಂದಿಗಿಂತ ಜೋರಾಗಿ ಓಡತೊಡಗಿತು.

ಕಾಂಪೌಂಡರು ಎದ್ದು, ಮೆಟ್ಟಿಲ ತುದಿಯ ಕಿಟಕಿಗೆ ಹೋಗಿ, ಮುಚ್ಚಳವನ್ನು ಬರಿಮೈಯ ಮೇಲೆ ಇನ್ನೊಮ್ಮೆ ಪರೀಕ್ಷಿಸಿ, ಚೆನ್ನಾಗಿದೆ ಎನಿಸಿಕೊಂಡು, ಧೈರ್ಯ ತಂದುಕೊಂಡು ಮರಳಿದರು.

"ಕೋಟು ನಿಮಗೇ ಇರಲಿ," ಎಂದರು ಉದಾರವಾಗಿ.

"ಮತ್ತೆ ಕುರ್ಚಿ?"

"ಸಾಯೋ ಮನಸ್ಸಿನಿಂದ ಕೊಟ್ಟದ್ದನ್ನ 'ನಾನು ಸಾಯಲಿಲ್ಲ' ಅಂತ ವಾಪಸ್ ಕೇಳೋದು ಅಷ್ಟು ಶುಭ ಅಲ್ಲ. ಸ್ವಲ್ಪ ದಿನ ಹೋಗಲಿ, ನೋಡೋಣ," ಎಂದು ಮೆಟ್ಟಿಲಿಳಿದರು.

ಡಬ್ಬಿಯಪ್ಪ ಪೊಟ್ಟಣವನ್ನು ಬೀದಿಯ ಕೊನೆಯ ಕಸದ ತೊಟ್ಟಿಗೆ ಹಾಕಿಬಂದ. ಕೋಟನ್ನು ಸೋಪು ಹಾಕಿ ತಿಕ್ಕಿ ತೊಳೆದು, ಹೊರಗೆ ತಂತಿಯ ಮೇಲೆ ಹರವಿದ. ತಾನೂ ಸ್ನಾನ ಮಾಡಿ ಒಗೆದ ಬಟ್ಟೆ ತೊಟ್ಟ. ಕಿಟಕಿಗಳನ್ನೆಲ್ಲ ತೆರೆದ. ಆಮೇಲೆ ಮುಚ್ಚಳವನ್ನು ಉಪ್ಪಿನ ಡಬ್ಬಿಯ ಮೇಲೆ ಮೊದಲಿನಂತೆ ಮುಚ್ಚಿ, ಡಬ್ಬಿಯನ್ನು ಎದುರಿಗಿಟ್ಟುಕೊಂಡು, ಬರಿಯ ನೆಲದ ಮೇಲೆ ಗೋಡೆಗೊರಗಿ ಕುಳಿತ.

ಹೊರಗೆ ಬೆಳಕು ಇಳಿಯುತ್ತಿತ್ತು. ಹೊಟ್ಟೆ ಹಸಿದಿತ್ತು, ಊಟ ತರುವವರು ಇರಲಿಲ್ಲ, ಬೇಯಿಸಿಕೊಳ್ಳಲು ಪಾತ್ರೆಯೂ ಇರಲಿಲ್ಲ. ಆದರೂ ಅವನಿಗೆ ನಗು ಬಂತು. ಬೆಳಗಿನಿಂದ ತನ್ನನ್ನು ಅಟ್ಟಿಸಿಕೊಂಡು ಬಂದದ್ದು ಯಮನಲ್ಲ, ಒಂದು ತುಂಡು ಮೀನು. ನಗುವಿನ ಅಡಿಯಲ್ಲಿ ಸಣ್ಣದೊಂದು ನಿರಾಶೆಯೂ ಇತ್ತು. ಅವಳು ಕರೆದಿರಲಿಲ್ಲ ಹಾಗಾದರೆ.

"ಹೆದರಿಸಿಬಿಟ್ಟೆಯಲ್ಲೇ," ಎಂದು ಮುಚ್ಚಳ ಎತ್ತಿದ.

ಮುಚ್ಚಳ ಸುಮ್ಮನಿತ್ತು. ಎದುರು ಮನೆಯ ಹೊಲಿಗೆ ಯಂತ್ರ ನಿಂತಿತು. ಬರಿಗೋಡೆಗಳ ನಡುವೆ ಅವನಿಗೆ ತನ್ನದೇ ಉಸಿರು ಕೇಳುತ್ತಿತ್ತು.

"ಕೆಡೋಕೆ ಶುರುವಾಗಿದೆ," ಎಂದಳು ಅವಳು, "ಇವತ್ತೇ ಮುಗಿಸಿ."

ಡಬ್ಬಿಯಪ್ಪ ಅಂಗೈ ನೋಡಿಕೊಂಡ. ಸೋಪಿನಿಂದ ತೊಳೆದು ಸುಕ್ಕುಗಟ್ಟಿದ ಅಂಗೈ. ಕೋಟು ಹೊರಗಿತ್ತು. ಮೀನು ಬೀದಿಯ ಕೊನೆಯಲ್ಲಿತ್ತು. ಮನೆಯಲ್ಲಿ ಇದ್ದದ್ದು ಉಪ್ಪು ಮತ್ತು ಅವನು. ಇವತ್ತು ಎಂಬುದರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಮುಚ್ಚಳವನ್ನು ಮೆಲ್ಲಗೆ ನೆಲದ ಮೇಲಿಟ್ಟ. ವಿಚಿತ್ರವೆಂದರೆ, ಬೆಳಗಿನ ಭಯ ಈಗ ಇರಲಿಲ್ಲ. ಆ ದನಿಯಲ್ಲಿ ಅವನಿಗೆ ಚೆನ್ನಾಗಿ ಗೊತ್ತಿದ್ದ ಏನೋ ಇತ್ತು. ಒಲೆಯ ಮುಂದಿನಿಂದ, ಸೌಟು ಕೈಯಲ್ಲಿ ಹಿಡಿದು, ಎರಡನೆಯ ಸಲ ಕರೆಯುವಾಗಿನ ದನಿ.

"ಬಂದೆ ಕಣೇ," ಎಂದ.

ಅಂದನೇ ಹೊರತು, ಇಷ್ಟು ವರ್ಷದ ಅಭ್ಯಾಸ, ಕುಳಿತಲ್ಲಿಂದ ಏಳಲಿಲ್ಲ.

ಕತ್ತಲು ಒಳಗೆ ಬಂತು. ಯಾರೂ ಮುಟ್ಟದೆ, ಯಾರೂ ಎತ್ತದೆ, ನೆಲದ ಮೇಲೆ ಬಿದ್ದಿದ್ದ ಮುಚ್ಚಳ ನಿಟ್ಟುಸಿರಿನಂಥ ಸದ್ದು ಮಾಡಿತು.

"ಬೇಡ," ಎಂದಳು ಹೆಂಡತಿ. "ಬಿಟ್ಟುಬಿಡಿ."

ಡಬ್ಬಿಯಪ್ಪ ಧಿಗ್ಗನೆ ಎದ್ದ. "ಎದ್ದೆ ಕಣೇ, ನೋಡು, ಎದ್ದೆ," ಎಂದ. ಮುಚ್ಚಳವನ್ನು ಉಪ್ಪಿನ ಮೇಲೆ ಹಾಕಿ ಎತ್ತಿದ. ಅಂಗೈ ಮೇಲೆ ಹಾಕಿ ಎತ್ತಿದ. ತಂತಿಯ ಮೇಲಿನ ಒದ್ದೆ ಕೋಟಿನ ಮೇಲೂ ಹಾಕಿ ಎತ್ತಿದ. ಅದು ಮುಚ್ಚಳವಾಗಿತ್ತು, ಬೇರೇನೂ ಆಗಿರಲಿಲ್ಲ.

ಅವನು ಬರಿದಾದ ಮನೆಯ ನಡುವೆ ಬಹಳ ಹೊತ್ತು ನಿಂತಿದ್ದ. ಮತ್ತೆ ಕೂರೋಣವೆಂದರೆ ಕುರ್ಚಿ ಕಾಂಪೌಂಡರ ಮನೆಯಲ್ಲಿತ್ತು.